ಐದು ಸಾವಿರ ಮೀಟರ್ ಓಟದಲ್ಲಿ ನಮ್ಮ ನಲವತ್ತು ಸೆಕೆಂಡ್ ಎಲ್ಲಿ ಹೋಯಿತು?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಪದವಿ ಕಾಲೇಜಿನಲ್ಲಿ ದೂರ ಓಟದ ತಂಡದ ನಾಯಕ ನಾನು. ತಂಡ ಎಂದರೆ ದೊಡ್ಡ ದಂಡೇನಲ್ಲ, ಐದು ಹುಡುಗರು, ಮೂವರು ಹುಡುಗಿಯರು. ಕಳೆದ ಶನಿವಾರ ಈ ಋತುವಿನ ಮೊದಲ ಕೂಟ ನಮ್ಮದೇ ಮೈದಾನದಲ್ಲಿ ನಡೆಯಿತು. ಸುತ್ತಮುತ್ತಲಿನ ಏಳು ಕಾಲೇಜುಗಳು ಬಂದಿದ್ದವು. ಮಣ್ಣಿನ ಟ್ರ್ಯಾಕ್, ಸುಣ್ಣದ ಗೆರೆ, ಮಧ್ಯಾಹ್ನ ಒಂದು ಜೋರು ಮಳೆ.

ವಿಷಯ ಇದು. ಮೂರು ವಾರಗಳ ಹಿಂದೆ ಇದೇ ಮೈದಾನದಲ್ಲಿ ನಾವೇ ಗಡಿಯಾರ ಹಿಡಿದು ಓಡಿಸಿದಾಗ ನಮ್ಮ ಅರಕಲಗೂಡಿನ ಹುಡುಗ 5,000 ಮೀಟರನ್ನು 16 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ್ದ. ಕೂಟದಲ್ಲಿ 17:20. ಅವನೊಬ್ಬನೇ ಅಲ್ಲ, ಆ ಓಟದಲ್ಲಿದ್ದ ನಮ್ಮ ಉಳಿದವರೂ ಮೂವತ್ತರಿಂದ ನಲವತ್ತೈದು ಸೆಕೆಂಡ್ ಹಿಂದೆ. 3,000 ಮೀಟರ್ ಓಡಿದ ಹುಡುಗಿ 11:30 ಓಡುವವಳು 11:55ಕ್ಕೆ ಬಂದಳು. ಜ್ವರವಿಲ್ಲ, ನೋವಿಲ್ಲ.

ನಮ್ಮ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಸಿಟ್ಟಾಗಿದ್ದಾರೆ. ಭಾನುವಾರ ಬೇಲೂರು ರಸ್ತೆಯಲ್ಲಿ ನಾವು ಓಡುವ ಹದಿನಾರು ಕಿಲೋಮೀಟರ್ ದಂಡ, ಅದರಿಂದಲೇ ಹುಡುಗರು ಎತ್ತಿನಂತಾಗಿದ್ದಾರೆ, ಇನ್ನು ಮುಂದೆ ಬರೀ 400 ಮೀಟರನ್ನು ಮತ್ತೆ ಮತ್ತೆ ವೇಗವಾಗಿ ಓಡುವ ಪುನರಾವರ್ತನೆ ಎಂದು ಹೇಳಿದ್ದಾರೆ. ಅರಕಲಗೂಡಿನ ಹುಡುಗನನ್ನು ಮುಂದಿನ ಕೂಟದಲ್ಲಿ 5,000ದಿಂದ ತೆಗೆಯುತ್ತಾರಂತೆ. ನಮ್ಮ ಅಭ್ಯಾಸದಲ್ಲಿ ನಿಜವಾಗಿಯೂ ತಪ್ಪಿದೆಯೇ? ಅನುಭವಸ್ಥರು ಹೇಳಿ.

ಬೆಳಗಿನ ಐದೂವರೆ

ಮೊದಲ ಕೂಟ ತಾನೇ, ಬಿಡಿ. ಮಳೆಗಾಲದ ಮೊದಲ ದೋಸೆ ಕಾವಲಿಗೆ ಅಂಟಿಕೊಂಡಿತು ಎಂದುಕೊಳ್ಳಿ.

ಹಳೇ ಸ್ಪೈಕ್ಸ್

ತಮ್ಮಾ, ನಾನು ತೊಂಬತ್ತರ ದಶಕದಲ್ಲಿ ಇದೇ ಊರಿನಲ್ಲಿ ಓಡಿದವನು. ಕಾರಣ ನೋಡದೆಯೇ ಹೇಳುತ್ತೇನೆ: ಮೊದಲ ಕಿಲೋಮೀಟರ್ ಹುಚ್ಚು ಕುದುರೆಯಂತೆ ಹೋಗಿರುತ್ತಾನೆ. 16:40 ಎಂದರೆ 400 ಮೀಟರಿನ ಒಂದು ಸುತ್ತಿಗೆ 80 ಸೆಕೆಂಡ್. ಒಬ್ಬನೇ ಓಡುವಾಗ ಆ 80ಕ್ಕೆ ಕೂತು ಓಡುತ್ತಾನೆ. ಕೂಟದಲ್ಲಿ ಶಿಳ್ಳೆ, ಚಪ್ಪಾಳೆ, ಮುಂದೆ ಹತ್ತು ಜನರ ಬೆನ್ನು ಕಂಡರೆ 72ಕ್ಕೆ ಏರಿಬಿಡುತ್ತಾನೆ. ಮೂರನೇ ಕಿಲೋಮೀಟರಿಗೆ ಪಕ್ಕೆ ಹಿಡಿಯುತ್ತದೆ, ಆಮೇಲೆ ಉಳಿದದ್ದು ಮೆರವಣಿಗೆ. ನನ್ನದೂ ಪ್ರತಿ ವರ್ಷ ಇದೇ ಕಥೆ. ಮೂರು ವರ್ಷವೂ ಬುದ್ಧಿ ಬರಲಿಲ್ಲ.

ರಾಗಿಮುದ್ದೆ ಸೊಪ್ಪುಸಾರು

ಭಾನುವಾರದ ಉದ್ದದ ಓಟ ನಿಲ್ಲಿಸುವುದು ಮಾತ್ರ ಬೇಡ. 5,000 ಮೀಟರ್ ಓಟದ ಬಹುಪಾಲು ನಡೆಯುವುದೇ ಆಮ್ಲಜನಕದ ಮೇಲೆ. ಹೃದಯ, ರಕ್ತನಾಳ, ಮೀನಖಂಡ ಇವೆಲ್ಲ ಗಟ್ಟಿಯಾಗುವುದು ನಿಧಾನದ ಕಿಲೋಮೀಟರ್‌ಗಳಲ್ಲಿ. ವೇಗದ ಪುನರಾವರ್ತನೆ ಅದರ ಮೇಲೆ ಹಾಕುವ ಒಗ್ಗರಣೆ. ಒಗ್ಗರಣೆಯನ್ನೇ ಊಟ ಮಾಡಲು ಆಗುತ್ತದೆಯೇ?

ಸಕಲೇಶಪುರ ಘಾಟಿ

"ಮೊದಲ ಕೂಟ, ಬಿಡಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಋತುವಿನ ಆರಂಭದಲ್ಲಿ ನಿಧಾನವಾಗಿ ಓಡಲೇಬೇಕೆಂದು ಯಾವ ಶಾಸ್ತ್ರವೂ ಇಲ್ಲ. ನಮ್ಮ ದೇಶದ ದೂರ ಓಟಗಾರ ಗುಲ್ವೀರ್ ಸಿಂಗ್ 2024ರ ಮಾರ್ಚ್‌ನಲ್ಲೇ ಕ್ಯಾಲಿಫೋರ್ನಿಯಾದಲ್ಲಿ 10,000 ಮೀಟರನ್ನು 27:41.81ರಲ್ಲಿ ಓಡಿ, ಸುರೇಂದ್ರ ಸಿಂಗ್ ಹೆಸರಿನಲ್ಲಿ 2008ರಿಂದ ಇದ್ದ 28:02.89ರ ರಾಷ್ಟ್ರೀಯ ದಾಖಲೆಯನ್ನು ಅಳಿಸಿದರು. ಮರು ವರ್ಷ ಫೆಬ್ರವರಿಯಲ್ಲಿ ಬಾಸ್ಟನ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ 5,000 ಮೀಟರ್ 12:59.77. ಅದೂ ಋತು ಕಣ್ಣು ಬಿಡುವ ಮೊದಲೇ.

ಬೆಳಗಿನ ಐದೂವರೆ

ಘಾಟಿಯವರೇ, ಹಾಸ್ಟೆಲ್ ಉಪ್ಪಿಟ್ಟು ತಿಂದು ಓಡುವ ಹುಡುಗನಿಗೆ ಗುಲ್ವೀರ್ ಸಿಂಗ್ ಉದಾಹರಣೆಯೇ!

ಸಕಲೇಶಪುರ ಘಾಟಿ

ಉಪ್ಪಿಟ್ಟಿನ ಮೇಲೆ ನನಗೆ ಗೌರವವಿದೆ. ಮೂರು ವಾರದಲ್ಲಿ ಇಡೀ ತಂಡ ಒಟ್ಟಿಗೆ ಕೆಡುವುದಿಲ್ಲ ಎಂದಷ್ಟೇ ನನ್ನ ಮಾತು. ಒಬ್ಬನಿಗೆ ಕೆಟ್ಟ ದಿನ ಬರುತ್ತದೆ. ಇಷ್ಟೊಂದು ಜನರಿಗೂ ಒಂದೇ ದಿನ ಬರುತ್ತದೆಯೇ?

ಕಾಫಿ ಕಣ

ನಾನು ಚಿಕ್ಕಮಗಳೂರಿನವನು. ನಮ್ಮ ಎರಡೂ ಊರಿನ ಮಕ್ಕಳಿಗೆ ದೇವರೇ ಕೊಟ್ಟ ಎತ್ತರದ ಪ್ರದೇಶವಿದೆ, ಕೀನ್ಯಾದಂತೆ. ಅದನ್ನು ಬಳಸಿಕೊಳ್ಳುವ ತರಬೇತುದಾರರಿಲ್ಲ, ಅಷ್ಟೇ. ಹಾಸನದಲ್ಲಿ ಓಡಿದವನು ಮಂಗಳೂರಿಗೆ ಇಳಿದರೆ ಹಾರಬೇಕು.

ಸಕಲೇಶಪುರ ಘಾಟಿ

ಹಾರುವುದಿಲ್ಲ, ಬೆವರಿನಲ್ಲಿ ತೇಲುತ್ತಾನೆ. ಕೀನ್ಯಾದ ಓಟಗಾರರು ಅಭ್ಯಾಸ ಮಾಡುವ ಇಟೆನ್ ಊರು ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಊಟಿ ಸುಮಾರು 2,240. ಹಾಸನ ಸಾವಿರ ಮೀಟರಿಗೂ ತುಸು ಕಡಿಮೆ, ನಿಮ್ಮ ಊರು ಸಾವಿರಕ್ಕೆ ತುಸು ಮೇಲೆ. ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವಷ್ಟು ತೆಳು ಗಾಳಿ ಇದಲ್ಲ. ನಮಗಿರುವ ಲಾಭ ತಂಪು ಮಾತ್ರ, ಅದೇನೂ ಸಣ್ಣದಲ್ಲ. ಆದರೆ ಒಂದು ಮಾತು: ನಮ್ಮ ದೇಶದ ಅಡೆತಡೆ ಓಟಗಾರ (ಸ್ಟೀಪಲ್‌ಚೇಸ್) ಅವಿನಾಶ್ ಸಾಬ್ಳೆ ಅಭ್ಯಾಸ ಮಾಡಿದ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಸುಮಾರು 1,840 ಮೀಟರ್. ನಿಮ್ಮ ಮುಳ್ಳಯ್ಯನಗಿರಿಯ ನೆತ್ತಿ ಅದಕ್ಕಿಂತ ಎತ್ತರ, 1,930.

ಕಾಫಿ ಕಣ

ಹಾಗಾದರೆ ಮುಳ್ಳಯ್ಯನಗಿರಿಯ ಮೇಲೆ ಹಾಸ್ಟೆಲ್ ಕಟ್ಟಿಸಿ. ಶನಿವಾರ, ಭಾನುವಾರ ಪ್ರವಾಸಿಗರ ವಾಹನಗಳ ನಡುವೆ ತೂರಿ ಓಡಿದರೆ ಅಡೆತಡೆ ಓಟದ ಅಭ್ಯಾಸವೂ ಆಗುತ್ತದೆ.

ಶಾಂತಿಗ್ರಾಮದ ಅಕ್ಕ

ಎಲ್ಲರೂ ಹುಡುಗನ ಬಗ್ಗೆಯೇ ಮಾತನಾಡುತ್ತಿದ್ದೀರಿ. 3,000 ಓಡಿದ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ನಾನು ಕಾಲೇಜಿನಲ್ಲಿ ಓಡುತ್ತಿದ್ದಾಗ ಒಂದು ಇಡೀ ವರ್ಷ "ಸೋಮಾರಿ" ಎಂದು ಬೈಸಿಕೊಂಡೆ. ಕೊನೆಗೆ ಒಬ್ಬ ವೈದ್ಯರು ನೋಡಿದರೆ ಹಿಮೋಗ್ಲೋಬಿನ್ ಒಂಬತ್ತು. ಮೆಟ್ಟಿಲು ಹತ್ತಿದರೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅದು ಎಲ್ಲರಿಗೂ ಆಗುತ್ತದೆ ಎಂದುಕೊಂಡಿದ್ದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಓಡುವ ಹುಡುಗಿಯರು ಅದರಿಂದ ಹೊರಗಿಲ್ಲ.

ಇನ್ನೊಂದು ಮಾತು, ನಮ್ಮ ಜಿಲ್ಲೆಯವರಿಗೆ ಇಷ್ಟವಾಗುವುದಿಲ್ಲ. ಸೊಪ್ಪುಸಾರಿನ ಊಟ ಮುಗಿದ ಕೂಡಲೇ ಲೋಟ ತುಂಬ ಕಾಫಿ ಕುಡಿದರೆ ಆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದಲ್ಲಿ ನಿಂಬೆಹಣ್ಣು ಇರಲಿ.

ಕಾಫಿ ಕಣ

ಅಕ್ಕ, ಉಳಿದದ್ದೆಲ್ಲ ಒಪ್ಪಿದೆ. ಕಾಫಿಗೆ ಒಂದು ಗಂಟೆ ಕಾಯುವುದು ಮಾತ್ರ ನಮ್ಮ ಮನೆಯಲ್ಲಿ ನಡೆಯುವ ಮಾತಲ್ಲ.

ಹೇಮಾವತಿ ದಂಡೆ

ಅಕ್ಕ, ಮೂವರು ಹುಡುಗಿಯರಿಗೂ ಜುಲೈನಲ್ಲಿ ಪರೀಕ್ಷೆ ಆಗಿದೆ. ಹನ್ನೆರಡರ ಮೇಲಿದ್ದಾರೆ. ಆದರೂ ಕಾಫಿಯ ವಿಷಯ ಹೇಳುತ್ತೇನೆ.

ಹಳೇ ಸ್ಪೈಕ್ಸ್ ಅಣ್ಣ, ನೀವು ಹೇಳಿದ್ದೇ ಆಗಿರಬೇಕು ಎಂದು ನಾನೂ ಭಾವಿಸಿದ್ದೆ. ಆದರೆ ಪ್ರತಿ ಸುತ್ತಿನ ಸಮಯವನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಮೊದಲ ಅರ್ಧ ಸುತ್ತು 38. ಆಮೇಲೆ 79, 82, 84, 84, 84, 85, 85, 85, 85, 85, 84, ಕೊನೆಯದು 80. ಮುಗಿಸಿದ ಮೇಲೆ ಅವನು ಬಿದ್ದು ಒದ್ದಾಡಲೂ ಇಲ್ಲ. ನನ್ನ ಹತ್ತಿರ ನಡೆದು ಬಂದು "ಅಣ್ಣ, 16:40 ಬಂತಾ?" ಎಂದು ಕೇಳಿದ. ನನಗೆ ಬಾಯಿ ಬರಲಿಲ್ಲ.

ಹಳೇ ಸ್ಪೈಕ್ಸ್

ಇಷ್ಟು ಸಮವಾಗಿ ನಾನು ಜೀವಮಾನದಲ್ಲಿ ಓಡಿಲ್ಲ. ನನ್ನ ಮಾತು ವಾಪಸ್.

ಪೈ ಮೇಷ್ಟ್ರು (ಪೈ ಎಂದರೆ 3.14ರ ಪೈ, ಮನೆತನದ ಹೆಸರಲ್ಲ)

ಈ ಸುತ್ತುಗಳನ್ನು ನೋಡಿ ನನಗೆ ಅನುಮಾನ ಬಂದಿದೆ. ದಮ್ಮು ಕಟ್ಟಿ ಸೋತವನ ಪಟ್ಟಿ 80, 83, 87, 91 ಎಂದು ಜಾರುತ್ತಾ ಹೋಗುತ್ತದೆ. ಇವನದು ಗಾರೆ ಕೆಲಸದವನ ದಾರದಂತೆ ನೇರವಾಗಿದೆ. ದಣಿದಿಲ್ಲ, ಕೊನೆಯ ಸುತ್ತಿನಲ್ಲಿ ಐದು ಸೆಕೆಂಡ್ ಎಳೆದಿದ್ದಾನೆ. ತನ್ನ ಮಾಮೂಲು ವೇಗದಲ್ಲೇ ಓಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿದೆ.

ಇನ್ನೊಂದು ಲೆಕ್ಕ. ಹುಡುಗ ಸಾವಿರ ಸೆಕೆಂಡಿಗೆ ನಲವತ್ತು ತಡ, ಅಂದರೆ ನೂರಕ್ಕೆ ನಾಲ್ಕು. ಹುಡುಗಿ 690ಕ್ಕೆ 25 ತಡ, ನೂರಕ್ಕೆ ಮೂರೂವರೆ ಚಿಲ್ಲರೆ. ಬೇರೆ ಬೇರೆ ಓಟ, ಬೇರೆ ಬೇರೆ ದೇಹ, ಆದರೆ ನಷ್ಟದ ಪಾಲು ಹೆಚ್ಚು ಕಡಿಮೆ ಒಂದೇ. ದೇಹ ಹೀಗೆ ಒಪ್ಪಂದ ಮಾಡಿಕೊಂಡು ಕೆಡುವುದಿಲ್ಲ.

ಎರಡು ಪ್ರಶ್ನೆ. ಒಂದು, ಅದೇ ದಿನ ನಿಮ್ಮವರು ಚೆನ್ನಾಗಿ ಓಡಿದ ಓಟ ಯಾವುದಾದರೂ ಇದೆಯೇ? ಎರಡು, ಮಳೆ ಬಂದ ಮೇಲೆ ಟ್ರ್ಯಾಕ್‌ನಲ್ಲಿ ಏನಾದರೂ ಬದಲಾಯಿಸಿದರೇ?

ಟೋಪಿ ಹಿಂದೆಮುಂದೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಾಲೇಜಿನ ಒಬ್ಬ ದಪ್ಪ ಅಡಿಯ, ಒಳಗೆ ಕಾರ್ಬನ್ ಪಟ್ಟಿ ಇರುವ ರಸ್ತೆ ಓಟದ ಶೂ ಹಾಕಿಕೊಂಡು ಟ್ರ್ಯಾಕ್‌ಗೆ ಇಳಿಯುತ್ತಾನೆ. ಇದು ಸರಿಯೇ?

ಸಕಲೇಶಪುರ ಘಾಟಿ

ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಸರಿಯಲ್ಲ. 2024ರ ನವೆಂಬರ್ 1ರಿಂದ ಟ್ರ್ಯಾಕ್ ಓಟಗಳಿಗೆ ಅಡಿಯ ದಪ್ಪ ಹೆಚ್ಚೆಂದರೆ 20 ಮಿಲಿಮೀಟರ್. 40 ಮಿಲಿಮೀಟರ್ ರಸ್ತೆ ಓಟಕ್ಕೆ ಮಾತ್ರ. ಕಾಲೇಜು ಕೂಟದಲ್ಲಿ ಅಳೆಯುವವರು ಯಾರು ಎಂಬುದು ಬೇರೆ ಮಾತು. ಅದೂ ಅಲ್ಲದೆ ಕೆಸರಿನಲ್ಲಿ ಆ ಶೂ ಜಾರುವುದು ನೋಡಿದರೆ ಅವನೇ ಎರಡನೇ ಸಲ ಹಾಕುವುದಿಲ್ಲ.

ಹೇಮಾವತಿ ದಂಡೆ

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

1,500 ಮೀಟರ್ ಬೆಳಿಗ್ಗೆಯೇ, ಮಳೆಗೆ ಮೊದಲು ನಡೆಯಿತು. ನಮ್ಮ ಆಲೂರಿನ ಹುಡುಗ 4:22 ಓಡಿದ, ಅವನ ಅತ್ಯುತ್ತಮ ಸಮಯ. ಅವನೂ ಭಾನುವಾರದ ಹದಿನಾರು ಕಿಲೋಮೀಟರ್ ಓಡುವವನೇ.

ಮಳೆ ನಿಂತ ಮೇಲೆ ತಿರುವುಗಳಲ್ಲಿ ಒಳಗಿನ ಎರಡು ಲೇನ್‌ಗಳಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ತೋಡಿ ಹೊರಹಾಕಲು ಸಮಯವಿರಲಿಲ್ಲ. ಅದಕ್ಕೆ ಎರಡೂ ತಿರುವುಗಳಲ್ಲಿ ಮೂರನೇ ಲೇನ್‌ನ ಒಳಗೆರೆಯ ಮೇಲೆ ಕೆಂಪು ಕೋನ್ ಸಾಲಾಗಿ ಇಟ್ಟು, ಅದರ ಹೊರಗೆ ಓಡಿ ಎಂದರು. ಕೋನ್ ಹೊತ್ತು ತಂದು ಇಟ್ಟವರಲ್ಲಿ ನಾನೂ ಒಬ್ಬ.

ಆರಂಭದ ಗೆರೆಯನ್ನು ಯಾರೂ ಸರಿಸಲಿಲ್ಲ. ಸರಿಸಬೇಕಿತ್ತೇ?

ಪೈ ಮೇಷ್ಟ್ರು

ಸರಿಸಲೇಬೇಕಿತ್ತು. ನಿಮ್ಮ ನಲವತ್ತು ಸೆಕೆಂಡ್ ಆ ಕೋನ್‌ಗಳ ಕೆಳಗಿದೆ.

ಟ್ರ್ಯಾಕ್ ಎಂದರೆ ಎರಡು ನೇರ, ಎರಡು ಅರ್ಧವೃತ್ತ. ಎರಡು ಅರ್ಧ ಸೇರಿದರೆ ಒಂದು ಪೂರ್ಣ ವೃತ್ತ. ವೃತ್ತದಲ್ಲಿ ಒಂದು ಮೀಟರ್ ಹೊರಗೆ ಸರಿದರೆ ಸುತ್ತಳತೆ ಎರಡು ಪೈ, ಅಂದರೆ 6.28 ಮೀಟರ್ ಹೆಚ್ಚುತ್ತದೆ. ವೃತ್ತ ದೊಡ್ಡದಿರಲಿ, ಚಿಕ್ಕದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಲೇನ್ ಅಗಲ 1.22 ಮೀಟರ್. ಎರಡು ಲೇನ್ ಬಿಟ್ಟರೆ 2.44. ಸುತ್ತಿಗೆ ಸುಮಾರು 15.3 ಮೀಟರ್ ಹೆಚ್ಚು. ಹನ್ನೆರಡೂವರೆ ಸುತ್ತಿಗೆ 190ರ ಹತ್ತಿರ. ನಿಮ್ಮ ಹುಡುಗ ಓಡಿದ್ದು 5,000 ಅಲ್ಲ, ಸುಮಾರು 5,190 ಮೀಟರ್. ಅಷ್ಟು ದೂರವನ್ನು 1,040 ಸೆಕೆಂಡಿನಲ್ಲಿ ಓಡಿದವನು 5,000ವನ್ನು 1,002 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಅಂದರೆ 16:42.

ಕೆಸರಿನಲ್ಲಿ 16:42! ಅವನನ್ನು ತೆಗೆಯುತ್ತಾರಂತೆ!

ಸುಣ್ಣದ ಗೆರೆ

ಮೇಷ್ಟ್ರೇ, ಚಿಕ್ಕ ತಿದ್ದುಪಡಿ. ಇಪ್ಪತ್ತು ವರ್ಷ ಟ್ರ್ಯಾಕ್ ಗುರುತು ಹಾಕಿದವನು ನಾನು. ಒಳ ಅಂಚಿಗೆ ಎತ್ತರಿಸಿದ ಕಟ್ಟೆ ಇರುವ ಟ್ರ್ಯಾಕ್‌ನಲ್ಲಿ ಮೊದಲ ಲೇನನ್ನು ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಉಳಿದ ಲೇನ್‌ಗಳನ್ನು ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಆಗ ಮೂರನೇ ಲೇನ್‌ನ ಹೆಚ್ಚುವರಿ 14.7 ಮೀಟರ್, 15.3 ಅಲ್ಲ. 200 ಮೀಟರ್ ಓಟದಲ್ಲಿ ಎರಡನೇ ಲೇನಿನವನು ಮೂರೂವರೆ ಮೀಟರ್ ಮುಂದೆ ನಿಲ್ಲುವುದು ಇದೇ ಲೆಕ್ಕದ ಮೇಲೆ.

ಪೈ ಮೇಷ್ಟ್ರು

ಕಟ್ಟೆ ಇದ್ದರೆ ತಾನೇ? ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆಯೇ ಕಟ್ಟೆ. ಎಲ್ಲವೂ 20 ಸೆಂಟಿಮೀಟರ್, ಹಾಗಾಗಿ 15.3.

ಸುಣ್ಣದ ಗೆರೆ

ಗುರುತು ಹಾಕಿದವನು ಯಾವ ಲೆಕ್ಕ ಹಿಡಿದಿದ್ದ ಎಂಬುದರ ಮೇಲೆ ಹೋಗುತ್ತದೆ. ಅನೇಕರು ಗೆರೆಗೂ 30 ಹಿಡಿದುಬಿಡುತ್ತಾರೆ. ನಾನೂ ಮೊದಮೊದಲು ಹಿಡಿದಿದ್ದೇನೆ, ಆಗ ಓಡಿದವರ ಕ್ಷಮೆ ಕೇಳುತ್ತೇನೆ.

ಬೆಳಗಿನ ಐದೂವರೆ

ಹತ್ತು ಸೆಂಟಿಮೀಟರಿಗೆ ಇಬ್ಬರು ಹಿರಿಯರು ಜಗಳವಾಡುವುದನ್ನು ನೋಡುವುದೇ ಒಂದು ಸೊಗಸು.

ಕೈಮರ ಚೆಕ್‌ಪೋಸ್ಟ್

ನಾನು ಚಿಕ್ಕಮಗಳೂರಿನ ಕಾಲೇಜಿನವನು. ಆ ಓಟದಲ್ಲಿ ನಾನೂ ಇದ್ದೆ, ಏಳನೇ ಸ್ಥಾನ. ನನ್ನ ಕೈಯಲ್ಲಿದ್ದ ಜಿಪಿಎಸ್ ಗಡಿಯಾರ 5.23 ಕಿಲೋಮೀಟರ್ ತೋರಿಸಿತ್ತು. ಗಡಿಯಾರ ಕೆಟ್ಟಿದೆ ಎಂದು ಬಸ್ಸಿನಲ್ಲೇ ಆ ದಾಖಲೆಯನ್ನು ಅಳಿಸಿಬಿಟ್ಟೆ. ಬೇಲೂರು ದಾಟುವವರೆಗೂ ಯಾರ ಜೊತೆಗೂ ಮಾತನಾಡಿರಲಿಲ್ಲ.

ಸಕಲೇಶಪುರ ಘಾಟಿ

ಜಿಪಿಎಸ್ ಟ್ರ್ಯಾಕ್ ಮೇಲೆ ಹೇಗೂ ಹೆಚ್ಚುಕಡಿಮೆ ತೋರಿಸುತ್ತದೆ, ಅದನ್ನೇ ಸಾಕ್ಷಿ ಎನ್ನಲಾಗದು. ಆದರೆ ಈ ಸಲ ಗಡಿಯಾರಕ್ಕೆ ಒಂದು ಕ್ಷಮೆ ಸಲ್ಲಬೇಕು.

ಪದಕ ಪಟ್ಟಿ

ಎಲ್ಲರೂ ಇಷ್ಟೊಂದು ಸಂಭ್ರಮಪಡುವುದು ಏಕೆ? ಓಡಿದವರೆಲ್ಲ ಅದೇ ಕೋನ್ ಸುತ್ತಿದ್ದಾರೆ. ಗೆದ್ದವನು ಗೆದ್ದ, ಸೋತವನು ಸೋತ. ನಿಮ್ಮ ಹುಡುಗ ನಾಲ್ಕನೆಯವನು, 5,000 ಆದರೂ 5,190 ಆದರೂ ನಾಲ್ಕನೆಯವನೇ. ಸಮಯ ಹುಡುಕುವುದನ್ನು ಬಿಟ್ಟು ಮುಂದಿನ ಮೂವರನ್ನು ಹಿಡಿಯುವುದು ಹೇಗೆ ಎಂದು ಯೋಚಿಸಿ.

ರಾಗಿಮುದ್ದೆ ಸೊಪ್ಪುಸಾರು

ಸ್ಥಾನದ ಬಗ್ಗೆ ಯಾರು ತಕರಾರು ಮಾಡಿದರು? ಸಮಯವನ್ನು ಹಿಡಿದು ಹುಡುಗನನ್ನು ತೆಗೆಯುತ್ತಿದ್ದಾರೆ, ಒಳ್ಳೆಯ ಅಭ್ಯಾಸವನ್ನು ನಿಲ್ಲಿಸುತ್ತಿದ್ದಾರೆ. ತಕ್ಕಡಿ ತಪ್ಪಿದ್ದರೆ ಆಲೂಗಡ್ಡೆಯನ್ನು ಬೈದು ಏನು ಪ್ರಯೋಜನ?

ಪದಕ ಪಟ್ಟಿ

ಆ ಮಾತು ಸರಿ. ಆದರೂ ಮೂರನೆಯವನಿಗಿಂತ ಎಷ್ಟು ಹಿಂದಿದ್ದ ಎಂದು ಯಾರೂ ಕೇಳಲಿಲ್ಲ ನೋಡಿ.

ಹೇಮಾವತಿ ದಂಡೆ

ಹನ್ನೊಂದು ಸೆಕೆಂಡ್.

ಪದಕ ಪಟ್ಟಿ

ಅದನ್ನು ಕೋನ್ ಮೇಲೆ ಹಾಕಬೇಡಿ.

ಹಳೇ ಸ್ಪೈಕ್ಸ್

ದೂರ ತಪ್ಪುವುದು ಹೊಸದಲ್ಲ. ನಮ್ಮ ಕಾಲದಲ್ಲಿ ಒಂದು ಕೂಟದಲ್ಲಿ 10,000 ಮೀಟರ್ ಇತ್ತು, ಇಪ್ಪತ್ತೈದು ಸುತ್ತು. ಸುತ್ತು ಎಣಿಸಲು ಕೂತಿದ್ದವರು ಒಬ್ಬ ಹಿರಿಯ ಗುಮಾಸ್ತರು. ಇಪ್ಪತ್ತೈದು ಹುಣಸೆ ಬೀಜ ಎಡ ಜೇಬಿನಲ್ಲಿ, ಮುಂದಿನವನು ಒಂದು ಸುತ್ತು ಬಂದಂತೆ ಒಂದನ್ನು ಬಲ ಜೇಬಿಗೆ. ಪದ್ಧತಿಯಲ್ಲಿ ಏನೂ ದೋಷವಿಲ್ಲ. ಆದರೆ ಹದಿನೈದನೇ ಸುತ್ತಿನ ಹೊತ್ತಿಗೆ ಅವರಿಗೆ ಯಾರೋ ಕಡಲೆಕಾಯಿ ತಂದುಕೊಟ್ಟರು. ಸಿಪ್ಪೆ ಹಾಕಿದ್ದೂ ಅದೇ ಬಲ ಜೇಬಿಗೆ. ಕರವಸ್ತ್ರ ತೆಗೆಯಲು ಹೋದಾಗ ಒಂದು ಬೀಜ ಹುಲ್ಲಿಗೆ ಬಿತ್ತು, ಅವರು ಹೆಕ್ಕಿ ಎಡ ಜೇಬಿಗೆ ಹಾಕಿದರು. ನಾವು ಇಪ್ಪತ್ತಾರು ಸುತ್ತು ಓಡಿದೆವು. ರೈಲು ಕಂಬಿಯ ತುಂಡನ್ನು ಕೊನೆಯ ಸುತ್ತಿಗೆ ಢಣ್ ಎಂದು ಬಾರಿಸಿದಾಗ ನಾನಾಗಲೇ ನನ್ನ ಲೆಕ್ಕದ ಕೊನೆಯ ಸುತ್ತನ್ನು ಜೀವ ಬಿಟ್ಟು ಓಡಿ ಮುಗಿಸಿದ್ದೆ. ಇನ್ನೊಂದಿದೆ ಎಂದು ತಿಳಿದಾಗ ಅಲ್ಲೇ ಕುಳಿತುಬಿಟ್ಟೆ. ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ "ಅರ್ಧಕ್ಕೆ ಬಿಟ್ಟವನು" ಎಂದು ಬರೆದರು.

ಕಾಫಿ ಕಣ

ಇಪ್ಪತ್ತೈದು ಸುತ್ತು ಪೂರ್ತಿ ಓಡಿ ಅರ್ಧಕ್ಕೆ ಬಿಟ್ಟವನು ಎನಿಸಿಕೊಂಡವರು ನೀವೊಬ್ಬರೇ ಇರಬೇಕು.

ಶಾಂತಿಗ್ರಾಮದ ಅಕ್ಕ

ತಮ್ಮಾ, ಇದನ್ನು ನಿಮ್ಮ ಸರ್‌ಗೆ ಹೇಳುವಾಗ ಹುಷಾರು. ಕೋನ್ ಇಡಲು ಹೇಳಿದವರು ಯಾರು?

ಹೇಮಾವತಿ ದಂಡೆ

ಅವರೇ, ಅಕ್ಕ. ಅದೇ ನನ್ನ ತೊಂದರೆ.

ಸುಣ್ಣದ ಗೆರೆ

ತಪ್ಪು ಎಂದು ಹೇಳಬೇಡಿ. "ಸರ್, ಟೇಪಿನ ಇನ್ನೊಂದು ತುದಿ ಸ್ವಲ್ಪ ಹಿಡಿಯುತ್ತೀರಾ" ಎಂದು ಕೇಳಿ. ಮೈದಾನದವರು ಟೇಪ್ ಕಂಡರೆ ಸುಮ್ಮನಿರುವುದಿಲ್ಲ.

ಹೇಮಾವತಿ ದಂಡೆ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಸುಣ್ಣದ ಗೆರೆ ಸರ್ ಹೇಳಿದಂತೆಯೇ ಮಾಡಿದೆ.

ನಿನ್ನೆ ಬೆಳಿಗ್ಗೆ ಮೈದಾನ ಒಣಗಿತ್ತು. ತಿರುವಿನಲ್ಲಿ ಕೋನ್ ಕೂತಿದ್ದ ಚೌಕದ ಅಚ್ಚುಗಳು ಕೆಸರಿನಲ್ಲಿ ಹಾಗೆಯೇ ಗಟ್ಟಿಯಾಗಿ ನಿಂತಿದ್ದವು. ಅದರ ಹೊರಗೆ ಸಾಲು ಸಾಲು ಸ್ಪೈಕ್ಸ್ ಮೊಳೆಯ ತೂತು, ಒಂದು ಗೇಣಿನ ಅಗಲದಲ್ಲಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಓಡಿದ್ದಾರೆ. ಒಳಗಿನ ಎರಡು ಲೇನ್‌ಗಳಲ್ಲಿ ಒಂದು ಹೆಜ್ಜೆಯೂ ಇಲ್ಲ, ನಾಯಿಯದು ಬಿಟ್ಟರೆ. ಸರ್ ಟೇಪಿನ ತುದಿ ಹಿಡಿದರು. ಮೊದಲ ಗೆರೆಯಿಂದ ಅಚ್ಚಿನವರೆಗೆ 2 ಮೀಟರ್ 45 ಸೆಂಟಿಮೀಟರ್. ಸರ್ ಏನೂ ಮಾತನಾಡಲಿಲ್ಲ. ಇನ್ನೊಂದು ತಿರುವಿಗೆ ತಾವೇ ನಡೆದು ಹೋಗಿ ಅಲ್ಲಿಯೂ ಅಳೆದರು. ಅಲ್ಲಿ 2 ಮೀಟರ್ 43. ಆಮೇಲೆ ಮೊಬೈಲ್ ತೆಗೆದು ಗುಣಿಸಿದರು, ಅಳಿಸಿದರು, ಮತ್ತೆ ಗುಣಿಸಿದರು.

ಮಧ್ಯಾಹ್ನ ಕಚೇರಿಯಲ್ಲಿ ನೋಡಿದರೆ ದಾಖಲೆ ಪುಸ್ತಕದಲ್ಲಿ 17:20ರ ಪಕ್ಕ ಪೆನ್ಸಿಲಿನಲ್ಲಿ "3ನೇ ಲೇನ್" ಎಂದು ಬರೆದಿದ್ದಾರೆ. ಭಾನುವಾರದ ಓಟ ಉಂಟು, ಆದರೆ ಹದಿನಾರಲ್ಲ, ಹದಿನಾಲ್ಕು ಎಂದರು. ಎರಡು ಕಿಲೋಮೀಟರ್ ಏಕೆ ಕಡಿಮೆಯಾಯಿತು ಎಂದು ನಾನು ಕೇಳಲು ಹೋಗಲಿಲ್ಲ. ಅರಕಲಗೂಡಿನ ಹುಡುಗ 5,000ದಲ್ಲೇ ಇದ್ದಾನೆ. ಪದಕ ಪಟ್ಟಿಯವರ ಹನ್ನೊಂದು ಸೆಕೆಂಡಿನ ಮಾತನ್ನೂ ಅವನಿಗೆ ತಲುಪಿಸಿದ್ದೇನೆ.

ಪೈ ಮೇಷ್ಟ್ರು

2.45 ಎಂದರೆ ಸುತ್ತಿಗೆ 15.4. ನನ್ನ ಲೆಕ್ಕವೇ ಹತ್ತಿರ.

ಸುಣ್ಣದ ಗೆರೆ

ಕಟ್ಟೆ ಇಲ್ಲದಿದ್ದರೆ.

ಕೈಮರ ಚೆಕ್‌ಪೋಸ್ಟ್

ವಿಷಯ ತಿಳಿದಾಗ ನಿಮ್ಮ ಹುಡುಗ ಏನೆಂದ?

ಹೇಮಾವತಿ ದಂಡೆ

ಇಡ್ಲಿ ತಿನ್ನುತ್ತಿದ್ದ. ಲೆಕ್ಕವನ್ನೆಲ್ಲ ಕೇಳಿಸಿಕೊಂಡು, "ಅಣ್ಣ, ಹಾಗಾದರೆ 5,190 ಮೀಟರ್‌ನಲ್ಲಿ ನಮ್ಮ ಕಾಲೇಜಿನ ದಾಖಲೆ ನನ್ನದೇ ಅಲ್ಲವೇ?" ಎಂದ.